ಮುಡಿ ಕೊಟ್ಟ ಮೇಲೆ

ನವೆಂಬರ್ 11, 2024, ಸೋಮವಾರ

ಮಗು ಬಂತು.

ಕೋಲಾರದ ದತ್ತು ಕೇಂದ್ರದಿಂದ ಶ್ರೀನಿವಾಸಪುರದವರೆಗೂ ಬಾಡಿಗೆ ಕಾರಿನಲ್ಲಿ ನನಗೂ ನನ್ನ ಗಂಡ ಅಮರನಾಥರಿಗೂ ನಡುವೆ ಕೂತು ತನ್ನ ಮೊಣಕಾಲನ್ನೇ ನೋಡಿಕೊಂಡಿತ್ತು. ಹೆಸರು ಮುತ್ಯಾಲಮ್ಮ, ವಯಸ್ಸು ಆರು ದಾಟಿದೆ. ನಂಗಲಿ ಹೆದ್ದಾರಿಯಲ್ಲಿ ಲಾರಿಯವರಿಗೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಸಾಕಿದ್ದಳಂತೆ. ಅವಳು ಸತ್ತ ಮೇಲೆ ನಮ್ಮದು ಎಂದು ಯಾರೂ ಬರಲಿಲ್ಲ. ನಾವು ಕೇಳಿದ್ದು ಕೈಗೂಸು. ಗಂಡ ಹೆಂಡತಿಯ ವಯಸ್ಸು ಕೂಡಿಸಿದರೆ ತೊಂಬತ್ತು ದಾಟುತ್ತದೆ, ನಾಲ್ಕು ವರ್ಷ ಮೇಲ್ಪಟ್ಟ ಮಗುವೇ ಸಿಗುವುದು ಎಂದರು. ಮದುವೆಗೆ ಜಾತಕ ಕೂಡಿಸಿದ್ದರು, ಇಲ್ಲಿ ವಯಸ್ಸು ಕೂಡಿಸಿದರು. ಜಾತಕ ಕೂಡಿ ಏನೂ ಹುಟ್ಟಲಿಲ್ಲ. ವಯಸ್ಸು ಕೂಡಿ ಇದು ಹುಟ್ಟಿದೆ.

ಕಾರು ಹತ್ತುವಾಗ ನನ್ನನ್ನು ನೋಡಿ "ಅಮ್ಮಾ" ಎಂದಿತು. ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದಿದ್ದ ಹುಡುಗಿಗೂ "ಅಮ್ಮಾ" ಎಂದಿತು. ಮನೆಯ ಮುಂದೆ ಇಳಿದಾಗ ಪಕ್ಕದ ಮನೆ ಶಾಮಲಮ್ಮನಿಗೂ ಅದೇ. ಕೇಂದ್ರದಲ್ಲಿ ಅಡುಗೆ ಮಾಡುವವಳು ಒಬ್ಬ ಅಮ್ಮ, ನೀರು ಹಾಕುವವಳು ಒಬ್ಬ ಅಮ್ಮ, ಗೇಟು ಕಾಯುವವಳೂ ಅಮ್ಮನೇ ಅಂತೆ. ನಾನು ಸದ್ಯಕ್ಕೆ ಹೊಸ ಅಮ್ಮ. ಇನ್ನೂ ಖಾತೆ ಹಂಚಿಕೆಯಾಗಿಲ್ಲ.

ಕಹಕಶಾ ಎನ್ನುವ ಹುಡುಗಿ ಕೇಂದ್ರದ ಸಮಾಜ ಕಾರ್ಯಕರ್ತೆ. ಇನ್ನೆರಡು ವರ್ಷ ನಮ್ಮ ಮನೆಗೆ ಬಂದು ಹೋಗುತ್ತಿರುವವಳು ಇವಳೇ. ಹೊರಡುವ ಮುಂಚೆ ಕೂರಿಸಿಕೊಂಡು ಹೇಳಿದಳು: ಹೆಸರು ಬದಲಿಸಬೇಡಿ, ಜನ ಸೇರಿಸಬೇಡಿ, ಆರು ತಿಂಗಳು ಯಾವ ಕಾರ್ಯವನ್ನೂ ಇಟ್ಟುಕೊಳ್ಳಬೇಡಿ, ಹೊಸದೇನು ಮಾಡುವುದಿದ್ದರೂ ನನಗೊಂದು ಮಾತು ಹೇಳಿ. ಜನವರಿ ಕೊನೆಗೆ ಜಿಲ್ಲಾಧಿಕಾರಿಗಳ ಮುಂದೆ ಆದೇಶವಾಗುತ್ತದೆ. ಅಲ್ಲಿಯವರೆಗೂ ನಾವು ಪೋಷಕರು ಮಾತ್ರ, ತಂದೆ ತಾಯಿ ಅಲ್ಲ. "ಹೊಂದಿಕೆ ಆಗ್ಲೇ ಇಲ್ಲ ಅಂದ್ರೆ ಅಷ್ಟರೊಳಗೆ ತಿಳಿಸ್ಬೇಕು ಅಕ್ಕಾ," ಎಂದಳು, ಗೋಡೆ ನೋಡಿಕೊಂಡು. ವಾಪಸ್ ತೆಗೆದುಕೊಳ್ಳುತ್ತಾರೆ ಎಂದು ಅರ್ಥ. ನಮ್ಮೂರ ಸೀರೆ ಅಂಗಡಿಯಲ್ಲೂ ಇಂಥ ಸೌಲಭ್ಯವಿಲ್ಲ.

ಬಸ್ ನಿಲ್ದಾಣದ ಎದುರಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೂ ನಾಮಕರಣದ ಕಾರ್ಡಿಗೂ ಒಕ್ಕಣೆ ಬರೆಯುವ ಕೆಲಸ ನನ್ನದು. ಮಗು ಎಂದ ಕಡೆಯೆಲ್ಲ ನಗು ಎಂದು ಪ್ರಾಸ ಕೂಡಿಸಿ ಎಷ್ಟು ಮನೆ ತುಂಬಿಸಿದ್ದೇನೋ. ನಮ್ಮ ಮನೆಗೆ ಮೊದಲರ್ಧ ಬಂದಿದೆ.

ನವೆಂಬರ್ 16, ಶನಿವಾರ

ದಿಂಬಿನ ಕವರಿನೊಳಗೆ ಇರುವೆ ಸಾಲು. ಕೈ ಹಾಕಿದರೆ ಅರ್ಧ ರಾಗಿಮುದ್ದೆ, ಎರಡು ಇಡ್ಲಿ, ಒಂದು ಉಪ್ಪಿನಕಾಯಿ ಹೋಳು. ಊಟದ ತಟ್ಟೆಯಿಂದ ಯಾವಾಗ ಎತ್ತಿಟ್ಟಿತೋ. ಅಮರನಾಥ್ ನಗುತ್ತಲೇ ಮುದ್ದೆ ತೆಗೆಯಲು ಹೋದರು. ಕೈ ಕಚ್ಚಿತು. ರಕ್ತ ಬಂತು. ಅವರಿಗೆ ನರಸಾಪುರದ ಕಂಪನಿಯಲ್ಲಿ ಸ್ಟೋರ್ಸ್ ಕೆಲಸ. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಶಿಫ್ಟಿಗೆ ಹೋದರು. ಬಸ್ಸಿನಲ್ಲಿ ಎಲ್ಲರೂ ಕೇಳಿದರಂತೆ, ನಾಯಿ ಎಂದರಂತೆ.

ಅತ್ತೆ ಮುನಿಶಾಮಮ್ಮ ದೂರದಿಂದ ನೋಡುತ್ತಿದ್ದಾರೆ. ಅವರಿಗೆ ಮಗುವಿನ ಮೇಲೆ ಸಿಟ್ಟಿಲ್ಲ, ಅನುಮಾನ. "ಯಾವ ಮನೆದೇವರ ಒಕ್ಕಲೋ ಏನೋ ತಲ್ಲೀ, ನಮ್ಮ ದೇವರಿಗೆ ಇನ್ನೂ ಒಪ್ಪಿಸಿಲ್ಲವಲ್ಲ," ಎಂದು ತೆಲುಗು ಬೆರೆಸಿ ದಿನಕ್ಕೆರಡು ಸಲ ಹೇಳುತ್ತಾರೆ. ದೇವರಿಗೆ ಒಪ್ಪಿಸುವುದು ಎಂದರೆ ಮುಡಿ. ಈ ಮನೆಯಲ್ಲಿ ಹುಟ್ಟಿದವರೆಲ್ಲ ಮುಳಬಾಗಿಲು ದಾಟಿ ಹೋದರೆ ಸಿಗುವ ಮುನೇಶ್ವರನ ಗುಡಿಯಲ್ಲಿ ತಲೆ ಬೋಳಿಸಿಕೊಂಡೇ ಮನೆಯವರಾದದ್ದು.

ಅತ್ತೆಗೆ ಅನುಮಾನ, ಗಂಡನಿಗೆ ಗಾಯದ ಬಹುಮಾನ, ನನಗೆ ಇರುವೆ ಹಿಡಿಯುವ ಸಂಧಾನ. ಮೂರನೆಯದು ಸ್ವಲ್ಪ ಎಳೆದದ್ದಾಯಿತು.

ನವೆಂಬರ್ 24, ಭಾನುವಾರ

ಇವತ್ತು ತಲೆ ಮುಟ್ಟಲು ಬಿಟ್ಟಿತು.

ಬಂದಾಗಿನಿಂದ ಬಾಚಣಿಗೆ ಕಂಡರೆ ಮಂಚದ ಕೆಳಗೆ ನುಗ್ಗುತ್ತಿತ್ತು. ಹೊರಗೆಳೆದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗು. ಶಾಮಲಮ್ಮ ಎರಡು ಸಲ ಬಂದು ಏನಾಯಿತೆಂದು ಕೇಳಿ ಹೋಗಿದ್ದಳು, ಕೇಳುವ ರೀತಿಯಲ್ಲೇ ನಾನು ಹೊಡೆದಿದ್ದೇನೆ ಎಂದು ತೀರ್ಮಾನವೂ ಇತ್ತು. ಕಹಕಶಾಗೆ ಫೋನು ಮಾಡಿದ್ದಕ್ಕೆ, ಮೊದಲು ನಿಮ್ಮ ತಲೆ ಅವಳ ಕೈಗೆ ಕೊಡಿ ಅಕ್ಕಾ ಎಂದಳು. ಕೊಟ್ಟೆ. ಒಂದು ವಾರ ನನ್ನ ತಲೆ ಬಾಚಿತು. ಅರ್ಧ ಕೂದಲು ಕಿತ್ತು ಬಂತು, ಉಳಿದರ್ಧ ಸಿಕ್ಕಾಯಿತು. ಇವತ್ತು ತಾನಾಗಿ ಬೆನ್ನು ತಿರುಗಿಸಿ ಕೂತಿತು. ಹರಳೆಣ್ಣೆ ಹಚ್ಚಿದೆ. ಕೂದಲು ಕತ್ತಿನವರೆಗೆ ಬೆಳೆದಿದೆ. ಹೆಬ್ಬೆರಳ ಉದ್ದದ ಎರಡು ಜಡೆ, ಕೆಂಪು ಟೇಪು. ಸಂಜೆಯವರೆಗೂ ನೀರಿನ ಡ್ರಮ್ಮಿನಲ್ಲಿ ಬಗ್ಗಿ ಬಗ್ಗಿ ನೋಡಿಕೊಂಡಿತು.

ನವೆಂಬರ್ 30, ಶನಿವಾರ

ಕೆಟ್ಟ ವಾರ. ದಿನಾ ಹಾಸಿಗೆ ಒದ್ದೆ. ಶಾಲೆಯಲ್ಲಿ ಪಕ್ಕದ ಹುಡುಗನ ಊಟದ ಡಬ್ಬಿ ಕದ್ದು ಬಚ್ಚಲಲ್ಲಿ ಕೂತು ತಿಂದಿದೆ. ಟೀಚರು ನನ್ನನ್ನು ಕರೆಸಿ, ನೀವು ಬಿ.ಎ. ಕನ್ನಡ ಓದಿದವರಲ್ಲವೇ ಎಂದು ಕೇಳಿದರು. ಕನ್ನಡಕ್ಕೂ ಡಬ್ಬಿಗೂ ಏನು ಸಂಬಂಧವೋ.

ಪ್ರೆಸ್ಸಿನಲ್ಲಿ ಕೂತು ಯಾರದೋ ತೊಟ್ಟಿಲ ಶಾಸ್ತ್ರದ ಕಾರ್ಡು ಬರೆಯುತ್ತಿದ್ದಾಗ ವಾಪಸಿನ ಆ ಸೌಲಭ್ಯ ನೆನಪಾಯಿತು. ಜನವರಿಯವರೆಗೂ ಇದೆ. ಯಾರನ್ನೂ ಬೈಯುವಂತಿಲ್ಲ, ಹೊಂದಿಕೆಯಾಗಲಿಲ್ಲ ಎಂದರೆ ಮುಗಿಯಿತು. ಒಂದು ಗಳಿಗೆ ಎದೆ ಹಗುರಾಯಿತು ಎಂದು ಬರೆದಿಟ್ಟುಕೊಳ್ಳಬೇಕು, ಬೇರೆ ಯಾರಿಗೂ ಹೇಳಲಾಗುವುದಿಲ್ಲ.

ಡಿಸೆಂಬರ್ 3, ಮಂಗಳವಾರ

ಶಿವಕುಮಾರ್ ಬಂದಿದ್ದ. ನನ್ನ ಒಬ್ಬನೇ ತಮ್ಮ, ವಕ್ಕಲೇರಿಯಲ್ಲಿ ಹಸು ಕಟ್ಟಿಕೊಂಡಿದ್ದಾನೆ. ದತ್ತು ಎಂದ ದಿನದಿಂದ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ನಾನು ಕರೆದೂ ಇರಲಿಲ್ಲ. ಅತ್ತೆಯೇ ಫೋನು ಮಾಡಿಸಿ ಕರೆಸಿದ್ದಾರೆ. ಮುಡಿ ತೆಗೆಯುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಮೊದಲ ಎಳೆ ಅವನೇ ಕತ್ತರಿಸಬೇಕು. ಅವನು ಒಲ್ಲೆ ಎಂದರೆ ಮುಡಿಯೂ ಇಲ್ಲ.

ಕಾಫಿ ಕುಡಿದು ಬಹಳ ಹೊತ್ತು ಮಗುವನ್ನು ನೋಡಿದ. ಅದು ಕಂಬದ ಹಿಂದಿನಿಂದ ಅವನನ್ನು ನೋಡಿತು. ಕೊನೆಗೆ ಅವನೇ ಅಂದ: "ಆಯ್ತು ಕಣಕ್ಕ. ನಾನ್ ಕೂರಿಸ್ಕೋತೀನಿ. ನಿನ್ನ ಮಗಳು ಅಂದ್ಮೇಲೆ ನನ್ ಸೊಸೆ ತಾನೆ."

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಇಷ್ಟು ಕಾಗದಕ್ಕೆ ಸಹಿ ಹಾಕಿದ್ದೇನೆ, ಯಾವುದಕ್ಕೂ ಕಣ್ಣು ಒದ್ದೆಯಾಗಿರಲಿಲ್ಲ.

ಇದೇ ಭಾನುವಾರ ಎಂದು ಗೊತ್ತಾಯಿತು. ಅದು ಬಿಟ್ಟರೆ ಧನುರ್ಮಾಸ ಹಿಡಿಯುತ್ತದೆ, ಸಂಕ್ರಾಂತಿ ಕಳೆಯುವವರೆಗೂ ಶುಭಕಾರ್ಯವಿಲ್ಲ. ಅಷ್ಟರಲ್ಲಿ ತಮ್ಮನ ಮನಸ್ಸು ತಿರುಗಿದರೆ? ಕಹಕಶಾಗೆ ಹೇಳುವುದೋ ಬೇಡವೋ ಎಂದು ಅಮರನಾಥ್ ಕೇಳಿದರು. ದೇವರಿಗೆ ಕೂದಲು ಕೊಡುವುದು ಕಾರ್ಯವೇ? ಪೆಂಡಾಲಿಲ್ಲ, ಫ್ಲೆಕ್ಸಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ. ಅವರ ಕಡೆ ಈ ಪದ್ಧತಿ ಬೇರೆ ಥರ, ಅರ್ಥವಾಗಲಿಕ್ಕಿಲ್ಲ. ಹೇಳಲಿಲ್ಲ.

ಡಿಸೆಂಬರ್ 8, ಭಾನುವಾರ

ಮುಗಿಯಿತು, ಚೆನ್ನಾಗಿ ಮುಗಿಯಿತು.

ಒಂದು ಟೆಂಪೋ ಜನ. ಹುಣಸೆ ಮರದ ಕೆಳಗೆ ಅಡುಗೆ, ಮರಿ ಕಡಿದು ಸಾರು. ಗುಡಿಯ ಮುಂದೆ ಶಿವಕುಮಾರ್ ಹೊಸ ಪಂಚೆ ಉಟ್ಟು ಚಕ್ಕಳಮಕ್ಕಳ ಹಾಕಿ ಕೂತ. ಕಾಲಿಟ್ಟಲ್ಲೆಲ್ಲ ಕೂಗುವ ಈ ಮಗು ಇವತ್ತು ಏನು ರಂಪ ಮಾಡುತ್ತದೋ ಎಂದು ನಾನು ಪಕ್ಕದಲ್ಲೇ ಬಗ್ಗಿ ನಿಂತಿದ್ದೆ. ನಾನೇ ಟೇಪು ಬಿಚ್ಚಿದೆ. ಕ್ಷೌರದವನು ಕತ್ತಿ ಹೊರಗೆ ತೆಗೆದಾಗ ಅದರ ಮೈ ಒಂದು ಸಲ ಸೆಟೆಯಿತು. ಆಮೇಲೆ ಹಿಂಡಿದ ಬಟ್ಟೆಯ ಹಾಗೆ ಸಡಿಲವಾಯಿತು. ಒಂದು ಹನಿ ಕಣ್ಣೀರಿಲ್ಲ, ಒಂದು ಕೂಗಿಲ್ಲ. ತಮ್ಮನ ಪಂಚೆ ಮಾತ್ರ ಒದ್ದೆಯಾಯಿತು. ಅವನು ನಕ್ಕು, "ಅಭಿಷೇಕ ಆಯ್ತು ಬಿಡಕ್ಕ," ಎಂದ.

ಬೋಳು ತಲೆಗೆ ಗಂಧ ಬಳಿದು, ಸೋದರಮಾವ ತಂದ ಹೊಸ ಫ್ರಾಕು ತೊಡಿಸಿ ದೇವರ ಮುಂದೆ ನಿಲ್ಲಿಸಿದೆವು. ಅತ್ತೆ ಮೊದಲ ಸಲ ಕೆನ್ನೆ ಸವರಿ "ಬಂಗಾರು ತಲ್ಲಿ", ಬಂಗಾರದಂಥ ತಾಯಿ, ಎಂದರು. ಬಂದವರೆಲ್ಲ ಇಷ್ಟು ಜಾಣ ಮಗುವನ್ನು ನೋಡೇ ಇಲ್ಲ ಎಂದರು. ಟೆಂಪೋದಲ್ಲಿ ನನ್ನ ಪಕ್ಕ ಕೂತು ಒಂದೇ ಒಂದು ಮಾತು ಕೇಳಿತು. ತಾನು ಬಂದ ದಿನ ಹಾಕಿಕೊಂಡಿದ್ದ ಹಳೇ ಫ್ರಾಕು ಎಲ್ಲಿ? ಮಕ್ಕಳಿಗೆ ಹಳತೇ ಇಷ್ಟ.

ಇನ್ನು ಯಾರು ಏನೇ ಅನ್ನಲಿ, ಇದು ಈ ಮನೆಯದು.

ಡಿಸೆಂಬರ್ 12, ಗುರುವಾರ

ಮುಡಿ ಹೋಯಿತು, ಕಿಡಿ ಆರಿತು. ಎರಡನೇ ಅಕ್ಷರವೂ ಕೂಡಿ ಬಂದಿದೆ, ಹಳಗನ್ನಡದ ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ನಿಜಕ್ಕೂ ಬೇರೆಯೇ ಮಗು. ಎದ್ದ ಕೂಡಲೇ ಹಾಸಿಗೆ ಮಡಿಸುತ್ತದೆ. ತನ್ನ ತಟ್ಟೆ ತಾನೇ ತೊಳೆಯುತ್ತದೆ, ನಮ್ಮದನ್ನೂ ಕೇಳುತ್ತದೆ. ದಿಂಬಿನಲ್ಲಿ ಏನೂ ಇಲ್ಲ. ಕೂಗಿಲ್ಲ, ಕಚ್ಚುವುದಿಲ್ಲ. ಅಮರನಾಥ್ ಕಂಪನಿಯಿಂದ ಬರುವಾಗ ಬಿಸ್ಕತ್ತಿನ ಪೊಟ್ಟಣ ತಂದರು. ಎರಡು ಕೈಯಲ್ಲೂ ಇಸಿದುಕೊಂಡು, ತಲೆ ಬಗ್ಗಿಸಿ "ಥ್ಯಾಂಕ್ಯೂ ಸಾರ್" ಎಂದಿತು. ಅಪ್ಪ ಅನ್ನು ಎಂದೆ. "ಥ್ಯಾಂಕ್ಯೂ ಅಪ್ಪ ಸಾರ್" ಎಂದಿತು. ನಾವಿಬ್ಬರೂ ನಕ್ಕೆವು. ಮುನೇಶ್ವರ ದೊಡ್ಡವನು ಎಂದು ಅತ್ತೆ.

ಡಿಸೆಂಬರ್ 18, ಬುಧವಾರ

ಬೆಳಿಗ್ಗೆ ಎದ್ದರೆ ಮಗು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತದೆ. ಚಪ್ಪಲಿ ಹಾಕಿಕೊಂಡು, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರು. ಆಟವೇನೋ ಅಂದುಕೊಂಡಿದ್ದೆ. ಇವತ್ತು ಕವರು ತೆಗೆದು ನೋಡಿದೆ. ಬಂದ ದಿನದ ಫ್ರಾಕು, ಎರಡು ಚಡ್ಡಿ, ಕೇಂದ್ರದವರು ಕೊಟ್ಟ ಟವೆಲ್ಲು. ನಾವು ಕೊಡಿಸಿದ ಬಟ್ಟೆ ಒಂದೂ ಇಲ್ಲ. ಅವೆಲ್ಲ ಬೀರುವಿನಲ್ಲಿ ನಾಲ್ಕು ಮಡಿಕೆ ಮಾಡಿ ಜೋಡಿಸಿಟ್ಟಿವೆ.

ಯಾಕೆ ಎಂದು ಕೇಳಿದರೆ, "ಕೆಲಸ ಏನಾದ್ರೂ ಇದ್ಯಾ ಅಮ್ಮಾ?" ಎನ್ನುತ್ತದೆ.

ಒಂದು ಸಲ ಕಚ್ಚಿದರೂ ಚೆನ್ನಾಗಿತ್ತು. ಅತ್ತೆಗೆ ಹೇಳಿದೆ, ನಿನಗೆ ಸುಖ ಹತ್ತೋದಿಲ್ಲಮ್ಮ ಎಂದರು. ಪ್ರೆಸ್ಸಿನಲ್ಲಿ ಮೂರು ಲಗ್ನಪತ್ರಿಕೆ ಬರೆಯಲು ಬಾಕಿ. ಒಂದು ಸಾಲೂ ಹೊಳೆಯಲಿಲ್ಲ.

ಡಿಸೆಂಬರ್ 23, ಸೋಮವಾರ

ಶಾಲೆಯಿಂದ ಫೋನು ಬಂತು, ಮುತ್ಯಾಲಮ್ಮ ಇವತ್ತು ಬಂದಿಲ್ಲ ಎಂದು. ನಾನೇ ಗೇಟಿನವರೆಗೂ ಬಿಟ್ಟು ಬಂದಿದ್ದೆ. ಹಿಂದಿನ ಗೋಡೆ ಬಿದ್ದಿದೆಯಂತೆ, ಅಲ್ಲಿಂದ ಹೋಗಿದ್ದಾಳೆ.

ಬೀದಿ ಬೀದಿ ಸುತ್ತಿದೆ. ಮಾವಿನ ಮಂಡಿಗಳೆಲ್ಲ ಈ ಕಾಲದಲ್ಲಿ ಖಾಲಿ, ಒಂದೊಂದಕ್ಕೂ ನುಗ್ಗಿ ಕೂಗಿದೆ. ಅಮರನಾಥ್ ನರಸಾಪುರದಿಂದ ಯಾರದೋ ಬೈಕು ಇಸಿದುಕೊಂಡು ಬಂದರು. ಠಾಣೆಯಲ್ಲಿ ಫೋಟೋ ಕೇಳಿದರು. ನನ್ನ ಫೋನಿನಲ್ಲಿ ಇದ್ದದ್ದೆಲ್ಲ ಎರಡು ಜಡೆಯ ಫೋಟೋ. ಈಗ ಕೂದಲಿಲ್ಲ ಎಂದೆ. ಯಾಕಿಲ್ಲ ಎಂದು ಕೇಳಿದರು. ಹೊಡೆದಿದ್ದೀರಾ ಎಂದೂ ಕೇಳಿದರು. ಅಲ್ಲೇ ಬೆಂಚಿನ ಮೇಲೆ ಕೂತು ಮುನೇಶ್ವರನಿಗೆ ಅಂದುಕೊಂಡೆ: ಇವಳು ಸಿಗಲಿ, ನನ್ನ ಮುಡಿ ನಿನಗೆ. ನಾನು ಹರಕೆ ಹೊರುವವಳಲ್ಲ. ಹರಕೆಯ ಕರಪತ್ರಗಳನ್ನು ಬರೆದುಕೊಡುವವಳು ಅಷ್ಟೆ.

ಮಧ್ಯಾಹ್ನದ ಮೇಲೆ ಮುಳಬಾಗಿಲಿನಿಂದ ಸುದ್ದಿ. ಬಸ್ ನಿಲ್ದಾಣದಲ್ಲಿ ಹಣ್ಣಿನ ಗಾಡಿಯ ಗೌಸ್ ಮೊಹಿದ್ದೀನ್ ಎನ್ನುವವರು ಕೂರಿಸಿಕೊಂಡಿದ್ದಾರೆ ಎಂದು. ಹೋದಾಗ ಗಾಡಿಯ ನೆರಳಿನಲ್ಲಿ ಕವರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೆಚ್ಚಿಕೊಟ್ಟ ಸೀಬೆಹಣ್ಣು ಕೈಯಲ್ಲಿ ಹಾಗೇ ಇತ್ತು. ಯಾರೋ ಹೆಂಗಸಿನ ಸೆರಗು ಹಿಡಿದು ಬಸ್ಸು ಹತ್ತಿದ್ದಾಳೆ. ಮಗು ಅವಳದೇ ಎಂದು ಕಂಡಕ್ಟರ್ ಅಂದುಕೊಂಡಿದ್ದಾನೆ.

ಗೌಸ್ ಮೊಹಿದ್ದೀನ್ ನನ್ನನ್ನು ಪಕ್ಕಕ್ಕೆ ಕರೆದರು. ದೊಡ್ಡ ವಯಸ್ಸಿನವರು, ದನಿ ತಗ್ಗಿಸಿ ಮಾತಾಡಿದರು. "ಎಲ್ಲಿಗಮ್ಮಾ ಹೋಗ್ತೀಯ ಅಂದೆ. ಕೋಲಾರದಾಗೆ ದೊಡ್ಡ ಮನೆ ಐತೆ, ಅಲ್ಲಿಗೆ ಅಂತು ಬೇಟಿ. ಯಾಕೆ ಅಂದೆ. ತಲೆ ಬೋಳಿಸಿದ್ರು, ಇನ್ನ ಹೋಗ್ಬೇಕು. ಜೀಪ್ ಬರ್ಲೇ ಇಲ್ಲ, ಅದಕ್ಕೆ ನಾನೇ ಹೋಗ್ತಾ ಇದ್ದೀನಿ ಅಂತು."

ಅವಳು ಓಡಿಹೋಗಿರಲಿಲ್ಲ. ತನ್ನನ್ನು ತಾನೇ ವಾಪಸ್ ಬಿಟ್ಟುಬರಲು ಹೊರಟಿದ್ದಳು. ಕೋಲಾರದ ಬಸ್ಸಿನ ಬದಲು ಮುಳಬಾಗಿಲಿನ ಬಸ್ಸು ಹತ್ತಿದ್ದಳು.

ಡಿಸೆಂಬರ್ 24, ಮಂಗಳವಾರ

ಬೋಳು ಎನ್ನುವುದಕ್ಕೆ ಪ್ರಾಸ ಗೋಳು, ಹಾಳು. ಬಾಳು ಕೂಡ. ಯಾವುದೂ ಬೇಡ.

ಡಿಸೆಂಬರ್ 28, ಶನಿವಾರ

ಕಹಕಶಾ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಮುಡಿಯ ವಿಷಯ ಪೂರ್ತಿ ಹೇಳಿದೆ, ಧನುರ್ಮಾಸ, ತಮ್ಮ, ತೊಡೆ, ಗಂಧ, ಎಲ್ಲ. ಕೇಳುತ್ತಾ ಕೇಳುತ್ತಾ ಅವಳ ಮುಖ ಇಳಿಯಿತು.

"ಅಜ್ಜಿ ಸತ್ತಾಗ ಮೊದ್ಲು ಒಂದು ಮಕ್ಕಳ ಹೋಮ್‌ನಲ್ಲಿ ಇಟ್ಟಿದ್ರು ಅಕ್ಕಾ. ಹೇನು ಅಂತ ಬೋಳಿಸಿದ್ರು. ಅಲ್ಲಿ ಜಾಗ ಇಲ್ಲ ಅಂತ ಜೀಪಲ್ಲಿ ಇನ್ನೊಂದು ಕಡೆ ಕಳ್ಸಿದ್ರು, ಕಳ್ಸೋ ಮುಂಚೆ ಮತ್ತೆ. ಅಲ್ಲಿಂದ ನಮ್ಮಲ್ಲಿಗೆ ಬರೋವಾಗ್ಲೂ ಅಷ್ಟೇ. ಎಲ್ಲ ಮಕ್ಕಳಿಗೂ ಮಾಡ್ತಾರೆ. ಅದನ್ನ ಯಾರೂ ವಿಷಯ ಅಂತ ಅಂದ್ಕೊಳ್ಳೋದೇ ಇಲ್ಲ. ನಾನೂ ಅಂದ್ಕೊಳ್ಳಿಲ್ಲ."

ನಮ್ಮಲ್ಲಿ ತಲೆ ಬೋಳಿಸಿದರೆ ಮನೆಯವಳಾದಳು. ಅವಳ ಲೆಕ್ಕದಲ್ಲಿ ತಲೆ ಬೋಳಿಸಿದರೆ ಮನೆ ಮುಗಿಯಿತು. ಕತ್ತಿನವರೆಗೆ ಬೆಳೆದಿತ್ತು, ಅಜ್ಜಿ ಸತ್ತ ಮೇಲೆ ಅಷ್ಟು ಬೆಳೆಯುವಷ್ಟು ದಿನ ಕತ್ತಿ ತಾಗದೆ ಉಳಿದದ್ದು ಅದೇ ಮೊದಲು. ನಾನೇ ಟೇಪು ಬಿಚ್ಚಿ ಕೊಟ್ಟೆ.

ಹೇಳಿಬಿಡಲಾ, ಕಳಿಸುವುದಿಲ್ಲ ಎಂದು ಆಣೆ ಇಡಲಾ ಎಂದೆ. ಕಹಕಶಾ ತಲೆ ಅಲ್ಲಾಡಿಸಿದಳು. "ಹೇಳಿ. ಆದ್ರೆ ನಂಬ್ತಾಳೆ ಅಂತ ಕಾಯ್ಬೇಡಿ. ಬಾಯಿಮಾತು ಅವಳಿಗೆ ಎಲ್ರೂ ಕೊಟ್ಟಿದ್ದಾರೆ, ನಾನೂ ಕೊಟ್ಟಿದ್ದೀನಿ. ಮೆಟ್ಟಿಲ ಮೇಲೆ ಕೂತ್ರೆ ಕೂರ್ಲಿ, ಎಬ್ಬಿಸ್ಬೇಡಿ. ಕವರ್ ಕಿತ್ಕೋಬೇಡಿ. ನೀವು ಅಲ್ಲೇ ಇರಿ, ಅಷ್ಟೇ."

ಅವಳು ಹೊರಡುವಾಗ ಮುತ್ಯಾಲು ಕವರು ಹಿಡಿದು ಹಿಂದೆಯೇ ಗಾಡಿಯವರೆಗೂ ಹೋದಳು. ಕಹಕಶಾ ಸ್ಕೂಟಿ ತಿರುಗಿಸಿ ಹೋದ ಮೇಲೂ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಜನವರಿ 5, 2025, ಭಾನುವಾರ

ಊರಿಗೆಲ್ಲ ಗೊತ್ತಾಗಿದೆ. ಪ್ರೆಸ್ಸಿಗೆ ಕಾರ್ಡು ಮಾಡಿಸಲು ಬಂದವರು ಒಕ್ಕಣೆಗಿಂತ ಮೊದಲು ಅದನ್ನೇ ಕೇಳುತ್ತಾರೆ. ಶಿವಕುಮಾರ್ ಫೋನು ಮಾಡಿ, ವಾಪಸ್ ಬಿಟ್ಟುಬಿಡಕ್ಕ, ಹಸುವಿಗೂ ಕಟ್ಟಿದ ಗೂಟ ಒಗ್ಗದೆ ಹೋದರೆ ಹಾಲು ಇಳಿಯುವುದಿಲ್ಲ ಎಂದ. ನಾನು ಹಾಲು ಕರೆಯಲು ತಂದವಳಲ್ಲ ಎಂದು ಫೋನು ಇಟ್ಟೆ.

ಅಮರನಾಥ್ ಎರಡು ದಿನದಿಂದ ಮಾತು ನುಂಗುತ್ತಿದ್ದರು. ಇವತ್ತು ಅಂಗಳದಲ್ಲಿ ಬೈಕು ಒರೆಸುತ್ತಾ ಹೇಳಿದರು. ಇಪ್ಪತ್ತೇಳನೇ ತಾರೀಕು ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಅಲ್ಲಿ ಅವಳನ್ನೂ ಕೇಳುತ್ತಾರಂತೆ. "ದಿನಾ ಬೆಳಿಗ್ಗೆ ಗಂಟು ಕಟ್ಕೊಂಡು ಬಾಗ್ಲಲ್ಲಿ ಕೂತಿರೋ ಮಗೂನ ನಮ್ದು ಅಂತ ಹೇಗೆ ಬರೆಸ್ಕೊಳ್ಲಿ ಸುನಂದಾ? ಅದಕ್ಕೆ ಹೋಗ್ಬೇಕು ಅಂತ ಇದೆ. ಹಿಡಿದಿಟ್ಕೊಳ್ಳೋದು ಪಾಪ ಅಲ್ವಾ?"

ಕೆಟ್ಟ ಮನುಷ್ಯನಾಗಿದ್ದರೆ ಜಗಳವಾಡಬಹುದಿತ್ತು. ಕಚ್ಚಿದ ಗಾಯ ಇನ್ನೂ ಬೆರಳ ಮೇಲೆ ಕಪ್ಪಾಗಿ ಕೂತಿದೆ. ಅದರ ಬಗ್ಗೆ ಒಂದು ದಿನ ದೂರಿದವರಲ್ಲ. ಇಪ್ಪತ್ತನೇ ತಾರೀಕಿನವರೆಗೂ ನೋಡೋಣ, ಅಷ್ಟರಲ್ಲೂ ಹೀಗೇ ಇದ್ದರೆ ಕಹಕಶಾಗೆ ಫೋನು ಮಾಡಿ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಜನವರಿ 9, ಗುರುವಾರ

ಬೆಳಿಗ್ಗೆ ನಾನೂ ಮೆಟ್ಟಿಲ ಮೇಲೆ ಕೂರುತ್ತೇನೆ. ಅವಳು ಆ ತುದಿ, ನಾನು ಈ ತುದಿ. ಶಾಮಲಮ್ಮ ರಂಗೋಲಿ ಹಾಕುತ್ತಾ, ಏನಮ್ಮ ತಾಯಿ ಮಗಳು ಯಾರನ್ನ ಕಾಯ್ತಾ ಇದ್ದೀರಾ ಎಂದಳು. ಇಬ್ಬರೂ ಅವಳ ರಂಗೋಲಿ ನೋಡುತ್ತಾ ಕೂತೆವು.

ಪ್ರೆಸ್ಸಿನ ಯಜಮಾನರು ಎರಡು ಸಲ ಹೇಳಿ ಕಳಿಸಿದರು. ತಡವಾಗಿ ಹೋದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಬೀರಲು ಕರೆದೆ, ಬಂದಳು. ಪ್ರತಿ ಮನೆಯಲ್ಲೂ ಕೊಟ್ಟ ಕಬ್ಬಿನ ತುಂಡು ವಾಪಸ್ ಅವರಿಗೇ ಕೊಡಲು ಹೋಗುತ್ತಿದ್ದಳು. ಚಳಿಗೆ ಅವಳ ತಲೆಗೆ ಟೋಪಿ ಹಾಕಿದ್ದೆ. ಕೂದಲು ಗರಿಕೆ ಚಿಗುರಿದಷ್ಟು ಬಂದಿದೆ. ಮುಟ್ಟಲು ಬಿಡುವುದಿಲ್ಲ.

ಧನುರ್ಮಾಸ ಕಳೆಯಿತಲ್ಲ, ಹೊತ್ತ ಹರಕೆ ತೀರಿಸು ಎಂದು ಅತ್ತೆ. ತೀರಿಸದಿದ್ದರೆ ಮಗುವಿನ ಮೇಲೆ ಬರುತ್ತದೆ ಎಂದರು. ಇದನ್ನು ನಂಬುವ ವಯಸ್ಸೂ ಅಲ್ಲ ನನ್ನದು, ಓದೂ ಅಲ್ಲ. ಈ ಭಾನುವಾರ ಹೋಗುತ್ತೇನೆ.

ಜನವರಿ 19, ಭಾನುವಾರ

ಬೆಳಿಗ್ಗೆಯೇ ಹೊರಟೆವು, ಅಮರನಾಥರ ಬೈಕಿನಲ್ಲಿ, ನಾವಿಬ್ಬರೇ. ಅವಳು ಅತ್ತೆಯ ಹತ್ತಿರ ಇದ್ದಳು. ಟೆಂಪೋ ಇಲ್ಲ, ಸಾರಿಲ್ಲ. ಕ್ಷೌರದವನಿಗೆ ನನ್ನ ಗುರುತು ಸಿಕ್ಕಿತು. ಮಗು ಚೆನ್ನಾಗಿದ್ಯಾ ಅಮ್ಮ, ಅವತ್ತು ಎಷ್ಟು ಜಾಣೆ ಅಂತೀನಿ, ಮಿಸುಕಾಡಲಿಲ್ಲ ಎಂದ. ನೀರು ಚಿಮುಕಿಸಿ ಕತ್ತಿ ಇಟ್ಟ. ಕಿವಿಯ ಹಿಂದೆ ತಣ್ಣಗಾಗುತ್ತಾ ಹೋಯಿತು. ಕೂದಲು ತೊಡೆಯ ಮೇಲೆ ಬಿದ್ದಾಗ ಅದು ನನ್ನದು ಎನ್ನಿಸಲಿಲ್ಲ. ನನಗೆ ನಲವತ್ತೈದು. ಕತ್ತಿ ಯಾಕೆ ಬಂತೆಂದು ಗೊತ್ತಿತ್ತು, ಆಮೇಲೆ ಮನೆಗೇ ಹೋಗುತ್ತೇನೆ ಎನ್ನುವುದೂ ಗೊತ್ತಿತ್ತು. ಆದರೂ ಸೆರಗಿನ ಅಂಚು ಬಿಗಿಯಾಗಿ ಹಿಡಿದುಕೊಂಡಿದ್ದೆ.

ದಾರಿಯಲ್ಲಿ ನಂಗಲಿ ಕಡೆಯ ಲಾರಿಗಳು ಒಂದರ ಹಿಂದೊಂದು. ಅಮರನಾಥ್ ಬೈಕು ನಿಲ್ಲಿಸಿ ಎಳನೀರು ಕೊಡಿಸಿದರು. ನಾಳೆ ಫೋನು ಮಾಡಲೇ ಎಂದು ಕೇಳಿದರು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಹರಕೆ ಹರಕೆಯಷ್ಟೇ ಆಗಿತ್ತು ಎಂದರೆ ಸುಳ್ಳು. ಬೋಳಾದ ನಾನೂ ಇದೇ ಮನೆಯಲ್ಲಿ ಉಂಡು ಮಲಗುವುದನ್ನು ನೋಡಿದರೆ ಅವಳಿಗೆ ಧೈರ್ಯ ಬಂದೀತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಮೆಟ್ಟಿಲ ಮೇಲೆಯೇ ಕೂತಿದ್ದಳು. ನಾನು ಬೈಕು ಇಳಿದಾಗ ಎದ್ದು ಬಂದಳು. ಕೈ ಎತ್ತಿ ನನ್ನ ಸೆರಗು ಸರಿಸಿದಳು. ಬಗ್ಗು ಎಂದು ಸನ್ನೆ ಮಾಡಿದಳು, ಬಗ್ಗಿದೆ. ಅಂಗೈಯಿಂದ ನನ್ನ ತಲೆ ಸವರಿದಳು, ಮುಂದಿನಿಂದ ಹಿಂದಕ್ಕೆ, ಒಂದು ಕಡೆ ಗಾಯವಾಗಿತ್ತು, ಅಲ್ಲಿ ನಿಲ್ಲಿಸಿದಳು.

"ನಿನ್ನೂ ಕಳಿಸ್ತಾರಾ?" ಎಂದಳು.

ಅಮ್ಮಾ ಎನ್ನಲಿಲ್ಲ. ಇಷ್ಟು ದಿನ ನೀವು ತಾವು ಎಂದು ಬಗ್ಗಿ ನಡೆದವಳು ನೀನು ಎಂದಳು.

ಇಲ್ಲ ಕಣೇ, ಯಾರೂ ಎಲ್ಲಿಗೂ ಹೋಗಲ್ಲ, ಇದು ದೇವರಿಗೆ ಕೊಟ್ಟಿದ್ದು ಎಂದೆಲ್ಲ ಹೇಳಿದೆ. ಅವಳು ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಹಿಂದೆಯೇ ಹೋದೆ. ಹಗ್ಗದ ಮೇಲಿದ್ದ ನನ್ನ ನೈಟಿ ಎಳೆದುಕೊಂಡು ನೆಲದ ಮೇಲೆ ಹಾಸಿ, ನಾಲ್ಕು ಮಡಿಕೆ ಮಾಡಿ, ತನ್ನ ಕವರಿನಲ್ಲಿ ಫ್ರಾಕನ್ನು ಒಂದು ಪಕ್ಕಕ್ಕೆ ಒತ್ತಿ ತುರುಕುತ್ತಿದ್ದಳು. ಹಿಡಿಯಲಿಲ್ಲ. ಕವರು ಹರಿಯಿತು. ಅಡುಗೆಮನೆಗೆ ಹೋಗಿ ರೇಷನ್ನಿನ ದೊಡ್ಡ ಚೀಲ ತಂದಳು, ರಾಗಿಯ ಧೂಳು ಕೊಡವಿದಳು. ಮೊದಲು ನನ್ನ ನೈಟಿ ಇಟ್ಟಳು. ಅದರ ಮೇಲೆ ತನ್ನದು. ಅತ್ತೆ ಬಾಗಿಲ ಹತ್ತಿರ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಮರನಾಥ್ ಬೈಕಿನ ಕೀ ಕೈಯಲ್ಲಿ ಹಿಡಿದವರು ಹಿಡಿದ ಹಾಗೇ ಇದ್ದರು. ನಾಳೆಯ ಫೋನಿನ ಬಗ್ಗೆ ನನ್ನನ್ನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಇಬ್ಬರನ್ನು ಕಳಿಸಬೇಕಾಗುತ್ತದೆ ಎಂದು ಹೇಳುತ್ತಿದ್ದೆ.

ಚೀಲದ ಬಾಯಿ ಕಟ್ಟಿ ಹೊರಗೆ ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಕೂತೆ. ಈ ಸಲ ತುದಿಯಲ್ಲಲ್ಲ.

"ಜೀಪ್ ಒಂದೇನಾ, ಬೇರೆ ಬೇರೆನಾ?"

"ಒಂದೇ ಕಣೇ."

ಚೀಲದ ಗಂಟು ಇನ್ನೊಮ್ಮೆ ಬಿಗಿದಳು.

"ಕಿಟಕಿ ಹತ್ರ ನಾನು," ಎಂದಳು.

ಆಗಲಿ ಎಂದೆ.